ದೇವರ ದನಕ್ಕೆ ಮಾಲೀಕ ಯಾರು

ಪಾಲಯ್ಯಜ್ಜ, ಅವತ್ತು ನಿನ್ನ ಮಾತನ್ನು ನಾನು ಆ ವಿದೇಶದವರಿಗೆ ಹೇಳಲಿಲ್ಲ. ಹೇಳಿದೆ ಎಂದು ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ಮಳೆ ಕೈಕೊಟ್ಟ ವರ್ಷ ಅದು. ಚಳ್ಳಕೆರೆಯಲ್ಲಿದ್ದ ನಮ್ಮ ಸಂಸ್ಥೆ ಮೊಳಕಾಲ್ಮೂರು ಕಡೆಯ ಹಟ್ಟಿಗಳಿಗೆ ಮೇವು ಹಂಚುತ್ತಿತ್ತು. ದನದ ಮಾಲೀಕ ಬಂದು ಹೆಬ್ಬೆಟ್ಟು ಒತ್ತಿದರೆ ಮಾತ್ರ ಮೇವು — ಆ ನಿಯಮ ಮಾಡಿದವನು ನಾನೇ. ನೀನೋ, ದೇವರ ದನ ಕಾಯುವ ಕಿಲಾರಿ. ಆ ದನವನ್ನು ಯಾರೂ ಮಾರುವುದಿಲ್ಲ, ನೊಗಕ್ಕೆ ಕಟ್ಟುವುದಿಲ್ಲ, ನನ್ನದು ಎನ್ನುವುದಿಲ್ಲ. ಊರ ದನಕ್ಕೆಲ್ಲ ಮೇವು ಸಿಕ್ಕಿತು, ನಿನ್ನ ಮಂದೆಗೆ ಒಂದು ಹಿಡಿಯೂ ಇಲ್ಲ. ಅದೇ ಸೀಮೆಯಲ್ಲಿ ಹುಟ್ಟಿದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನಿಯಮ ಮಾಡುವಾಗ ನೆನಪಾಗಲಿಲ್ಲ. ನೆನಪಾದ ಮೇಲೆ ತಿದ್ದಲು ಅಹಂಕಾರ ಬಿಡಲಿಲ್ಲ.

ಹಣ ಕೊಟ್ಟ ವಿದೇಶದವರು ಒಂದು ದಿನ ಹಟ್ಟಿಗೆ ಬಂದು ಬೇವಿನ ಮರದ ಕೆಳಗೆ ಕೂತರು. ನಮ್ಮ ತಪ್ಪನ್ನು ಜನರ ಬಾಯಿಂದಲೇ ಕೇಳಬೇಕು ಎಂದರು. ಅವರಿಗೂ ನಿಮಗೂ ನಡುವೆ ಇಂಗ್ಲಿಷ್ ಬಲ್ಲವನು ನಾನೊಬ್ಬ. ನೀನು ಎದ್ದು ನಿಂತೆ.

"ದೇವರ ದನಕ್ಕೆ ಮಾಲೀಕ ಯಾರು ಅಂತ ಕೇಳ್ತಾರೆ ಸ್ವಾಮಿ. ದೇವರು ಬಂದು ಹೆಬ್ಬೆಟ್ಟು ಒತ್ತಾನೇನು? ನಮ್ಮನ್ನ ಒಂದ್ ಮಾತು ಕೇಳಿದ್ರೆ ಹಿಂಗಾಗ್ತಿತ್ತಾ?"

ಹಟ್ಟಿಯವರೆಲ್ಲ ನಕ್ಕರು. ವಿದೇಶದವರು ನನ್ನತ್ತ ತಿರುಗಿದರು. ನಿಯಮ ನನ್ನದೆಂದು ತಿಳಿದರೆ ಮರ್ಯಾದೆ ಹೋಗುತ್ತದಲ್ಲ — ಅಷ್ಟೇ, ಅಷ್ಟಕ್ಕೇ — ನನ್ನ ಬಾಯಿಗೆ ಮಣ್ಣು ಬೀಳ, "ಮೇವು ಕೊಟ್ಟವರನ್ನು ದೇವರು ಚೆನ್ನಾಗಿಡಲಿ ಎನ್ನುತ್ತಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಅವರು ನಿನಗೆ ಕೈ ಮುಗಿದರು. ನೀನೂ ಮುಗಿದೆ.

"ಎಲ್ಲಾ ಹೇಳಿದ್ಯೇನಪ್ಪಾ?" ಎಂದು ನೀನು ನನ್ನನ್ನು ಕೇಳಿದೆ.

"ಹೇಳ್ದೆ ಅಜ್ಜ."

"ಹಂಗಾದ್ರೆ ದನ ಆಂಧ್ರದ ಕಡೆ ಹೊಡ್ಕೊಂಡು ಹೋಗಾದು ಬ್ಯಾಡ ಬಿಡು. ಮೇವು ಬರ್ತೈತೆ, ಇಲ್ಲೇ ಕಾಯ್ತೀನಿ."

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು... ಬಿಡಲಿಲ್ಲ. ನೀನು ಕಾದೆ. ಕಾದು ಸಾಕಾಗಿ ಮಂದೆ ಎಬ್ಬಿಸಲು ಹೋದಾಗ ದನಗಳಿಗೆ ಏಳುವ ತ್ರಾಣವೇ ಉಳಿದಿರಲಿಲ್ಲ.

ಅರ್ಧ ಮಂದೆ ಮಣ್ಣಾದ ಮೇಲೆ ನಾನು ಹಟ್ಟಿಗೆ ಬಂದೆ. ನೀನು ಬೈದೆ — ನನ್ನನ್ನಲ್ಲ, ಅವರನ್ನು.

"ಎದುರಿಗೆ ಕೈ ಮುಗ್ದು ಹಿಂದೆ ಮೋಸ ಮಾಡಿದ್ರು ನೋಡು. ನೀನೇನ್ ಮಾಡ್ತೀಯಪ್ಪಾ, ಹೇಳೋದು ಹೇಳ್ದೆ. ತಗ, ಅಂಬಲಿ ಕುಡಿ."

ನಾನು ಕುಡಿದೆ, ಅಜ್ಜ. ಚೊಂಬು ಖಾಲಿ ಮಾಡಿ ಕೆಳಗಿಟ್ಟೆ.

ಅವರು ನಿನಗೆ ಮೋಸ ಮಾಡಲಿಲ್ಲ. ನಿನ್ನ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಇಷ್ಟು ವರ್ಷ ನೀನು ಬೈಯುತ್ತ ಬಂದದ್ದು ತಪ್ಪು ಜನರನ್ನು.

ನಾಳೆ ಬರುತ್ತೇನೆ. ಹಟ್ಟಿಯವರನ್ನೆಲ್ಲ ಅದೇ ಬೇವಿನ ಮರದ ಕೆಳಗೆ ಸೇರಿಸು. ಇದನ್ನು ಎದ್ದು ನಿಂತು ಹೇಳುತ್ತೇನೆ. ನಾನು ಹೇಳಿ ಮುಗಿಸುವವರೆಗೆ ನನಗೆ ಅಂಬಲಿ ಕೊಡಬೇಡ.