ತೂತಿನ ಆಪರೇಷನ್ ಬೇಡವೆಂದ ಮೇಲೆ

ಮುಟ್ಟು ನಿಂತು ಎರಡು ವರ್ಷವಾಗಿತ್ತು. ಮತ್ತೆ ರಕ್ತ ಕಂಡಿತು. ಬಿಜ್ಜರಗಿಯ ನಮ್ಮ ತೋಟದಲ್ಲಿ ದ್ರಾಕ್ಷಿ ಕಟಾವು ನಡೆದಿತ್ತು. ಬಿಸಿಲಿಗೆ ಉಷ್ಣವಾಗಿರಬೇಕೆಂದು ಸಬ್ಜಾ ಬೀಜ ನೆನೆಸಿ ಕುಡಿದೆ. ನಿಲ್ಲಲಿಲ್ಲ. ಕಟಾವು ಮುಗಿಸಿಯೇ ವಿಜಯಪುರದ ಆಸ್ಪತ್ರೆಗೆ ಹೋದದ್ದು. ಬಯಾಪ್ಸಿ ಆಯಿತು.

ಗರ್ಭಕಂಠದ ಕ್ಯಾನ್ಸರ್.

ಮೊದಲ ಹಂತವಂತೆ, ಆಪರೇಷನ್ ಮಾಡಿ ತೆಗೆಯಬಹುದಂತೆ. ಇಷ್ಟು ಕೇಳಿದ್ದೇ ತಡ, ಮನೆಯಲ್ಲಿ ಎಲ್ಲರೂ ಡಾಕ್ಟರಾದರು. ನಾದಿನಿ ಶೋಭಾಳ ಪಿತ್ತಕೋಶವನ್ನು ಹೊಟ್ಟೆಗೆ ಸಣ್ಣ ತೂತು ಮಾಡಿ, ಲ್ಯಾಪರೊಸ್ಕೋಪಿಯಲ್ಲಿ ತೆಗೆದಿದ್ದರು. ಸ್ವಲ್ಪ ದಿನಕ್ಕೇ ಎದ್ದು ರೊಟ್ಟಿ ಬಡಿದಿದ್ದಳು.

“ವೈನಿ, ನೀವೂ ತೂತಿನ ಆಪರೇಷನ್ ಮಾಡಿಸ್ಕೋರಿ,” ಎಂದಳು.

ನನಗೂ ಅದೇ ಬೇಕಿತ್ತು. ಹೊಟ್ಟೆ ಕೊಯ್ಯುತ್ತಾರೆಂದರೆ ಭಯ.

ಡಾಕ್ಟರಮ್ಮ ಒಪ್ಪಲಿಲ್ಲ.

“ಅಕ್ಕಾರ, ಪಿತ್ತಕೋಶದ ಮಾತು ಬ್ಯಾರೆ. ತೂತಿನ ಆಪರೇಷನ್‌ದಾಗ ಗಾಯ ಸಣ್ಣದು, ಲಗೂ ಮನಿಗಿ ಹೋಗ್ತೀರಿ, ಖರೆ. ಆದ್ರ ಈ ಕ್ಯಾನ್ಸರ್‌ಗೆ ಹಂಗ ಮಾಡಿಸ್ಕೊಂಡವರಿಗೆ ಅದು ತಿರುಗಿ ಬರೋದು ಹೆಚ್ಚು ಅಂತ ಗೊತ್ತಾಗೇತಿ. ಓಪನ್ ಮಾಡೋದ ಚಲೋ.”

“ಹೊಟ್ಟಿ ಕೊಯ್ಯೂದು ಹಳೇ ಪದ್ಧತಿ ಅಲ್ಲೇನ್ರಿ?” ಎಂದರು ನಮ್ಮ ಮನೆಯವರು. ಹೊರಗೆ ಬಂದು, ಬೇರೆ ಆಸ್ಪತ್ರೆ ನೋಡೋಣ ಎಂದರು.

ನನಗೆ ರೇಗಿತು. “ಗಾಯ ಕಾಣಬಾರದು ಅಂತ ಜೀವ ಬಿಡ್ಲೇನು? ಕೊಯ್ಲಿ ಬಿಡ್ರಿ.”

ಕೊಯ್ದರು.

ಎಚ್ಚರಾದಾಗ ಹೊಟ್ಟೆ ನನ್ನದೆನಿಸಲಿಲ್ಲ. ಕೆಮ್ಮಿದರೆ ಜೀವ ಹೋದಂತೆ. ಮೂತ್ರದ ಕ್ಯಾಥೆಟರ್ ಚೀಲದೊಂದಿಗೇ ತಿಕೋಟಾದ ಮನೆಗೆ ಬಂದೆ. ಮಾತಾಡಿಸಲು ಬಂದ ಹೆಂಗಸರು ಮೊದಲು ಕೇಳುತ್ತಿದ್ದದ್ದು ಹೊಲಿಗೆಯ ಉದ್ದ. ನಮ್ಮ ಕಡೆ ಗಾಯ ನೋಡಿಯೇ ರೋಗ ಅಳೆಯುವುದು. ಶೋಭಾಳದು ತೂತು, ಹಾಗಾಗಿ ಸಣ್ಣ ಬೇನೆ. ನನ್ನದು ಇಷ್ಟುದ್ದ, ಹಾಗಾಗಿ ಕೈಮೀರಿದ್ದು. ರೋಗ ಸಣ್ಣದಿದ್ದಾಗಲೇ ಕೊಯ್ದು ತೆಗೆದದ್ದೆಂದು ಎಷ್ಟು ಜನರಿಗೆ ಹೇಳಲಿ? ಒಬ್ಬಾಕೆ ಬಾಗಿಲಾಚೆ, “ಅಯ್ಯ ಪಾಪ, ಭಾಳ ದಿನ ಇಲ್ಲ ಬಿಡ್ರಿ,” ಎಂದದ್ದು ನನಗೆ ಕೇಳಿಸಿತು.

ಇವರಿಗೂ ಕೇಳಿಸಿತು.

ಅಂದಿನಿಂದ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟರು. ಸಿಟ್ಟು ಬರುತ್ತಿತ್ತು, ಬೈಯಲು ತ್ರಾಣವಿರಲಿಲ್ಲ.

ಪೆಥಾಲಜಿ ರಿಪೋರ್ಟ್ ಬಂದಾಗ ಇಬ್ಬರೂ ಹೋದೆವು. “ಸುತ್ತಲಿನ ಲಿಂಫ್ ಗಂಟುಗಳಿಗೆ ಹರಡಿಲ್ಲ. ತೆಗೆದ ಭಾಗದ ಅಂಚಿನಾಗೂ ಏನೂ ಇಲ್ಲ,” ಎಂದರು ಡಾಕ್ಟರಮ್ಮ.

ಇವರು ಎದ್ದು ನಿಂತರು. “ಹಂಗಾದ್ರ ಈಕಿ ಉಳೀತಾಳೇನ್ರಿ?”

ಇಷ್ಟು ದಿನ ಅದನ್ನು ಒಳಗೇ ನುಂಗಿಕೊಂಡಿದ್ದರು, ಪಾಪ.

“ಸದ್ಯಕ್ಕ ಎಲ್ಲಾ ಚಲೋ ಐತಿ. ಚೆಕಪ್ ತಪ್ಪಿಸಬ್ಯಾಡ್ರಿ.”

ಸದ್ಯಕ್ಕೆ. ನನಗೆ ಅಷ್ಟು ಸಾಕಾಗಿತ್ತು. ಊರಿಗೆ ಮರಳುವಾಗ ಅಥಣಿ ಬಸ್ಸಿನಲ್ಲಿ ಇವರ ಹೆಗಲಿಗೆ ಒರಗಿದವಳಿಗೆ ಎಚ್ಚರಾದಾಗ ತಿಕೋಟಾ ದಾಟಿ ಹೋಗಿತ್ತು.

“ಯಾಕ ಎಬ್ಬಿಸಲಿಲ್ಲ?” ಎಂದೆ.

“ಎಷ್ಟ ದಿನಾತು ನೀ ನಿದ್ದಿ ಮಾಡಿ,” ಎಂದರು.