ಟೋಪಿಯೊಳಗೆ ಹಿಡಿಸದ ಜಡೆ

"ಅಮ್ಮಾ, ಇಂದ್ರಾಣಿ ದೊಡ್ಡಮ್ಮ ಯಾಕೆ ತಲೆ ಬಾಚ್ಕೊಳಲ್ಲ? ಅವರಮ್ಮ ಬೈಯಲ್ವಾ?"

ಶನಿವಾರ ಬೆಳಗ್ಗೆ ಊರಿಗಾಂನ ಗಣಿಕಾರ್ಮಿಕರ ಲೈನುಮನೆಗಳ ನಲ್ಲಿ ಮುಂದೆ, ನೆರೆಮನೆಯ ಶ್ಯಾಮಲಾಳ ನಾಲ್ಕು ವರ್ಷದ ಮಗಳು ಎಲ್ಲರೆದುರಿಗೇ ಕೇಳಿಬಿಟ್ಟಳು. ಶ್ಯಾಮಲಾ ಮಗುವಿನ ತೋಳು ಚಿವುಟಿದಳು. ಬಿಂದಿಗೆ ಹಿಡಿದು ನಿಂತಿದ್ದ ಇಂದ್ರಾಣಿ ಮಾತ್ರ ನಕ್ಕಳು.

"ಬೈಯೋಳು ನನ್ ತಲೆ ಮೇಲೇ ಕೂತವ್ಳೆ ಕಣೆ ಪುಟ್ಟಿ. ಬಾಚಣಿಗೆ ಇಟ್ರೆ ಎದ್ದು ಬತ್ತಾಳೆ."

ಆ ವಾರದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ.

ಐದು ವರ್ಷದ ಹಿಂದೆ ಅವಳ ಮಗಳು ಸಹನ ಫಿಟ್ಸ್ ಬಂದು ಮೂರು ದಿನ ಕಣ್ಣು ಬಿಟ್ಟಿರಲಿಲ್ಲ. ಇಂದ್ರಾಣಿ ಆಸ್ಪತ್ರೆಯ ವರಾಂಡದಲ್ಲೇ ಬಿದ್ದಿದ್ದಳು. ಮಗು ಚೇತರಿಸಿಕೊಳ್ಳುವಷ್ಟರಲ್ಲಿ ಅವಳ ಕೂದಲು ಗಂಟುಗಟ್ಟಿ ಜಡೆಯಾಗಿತ್ತು. ಎಲ್ಲಮ್ಮನ ಗುಡಿಯಲ್ಲಿ ದೇವರು ಹೇಳುವ ಮುನಿಶಾಮಮ್ಮ ಮುಟ್ಟಿ ನೋಡಿ, "ಎಲ್ಲಮ್ಮ ಮಗೂನ ಉಳಿಸಿಕೊಟ್ಟು ಗುರ್ತು ಇಟ್ಟವ್ಳೆ. ಕತ್ತರಿ ಮುಟ್ಸಿದ್ರೆ ಕೊಟ್ಟಿದ್ದನ್ನ ವಾಪಸ್ ತಗೋತಾಳೆ" ಎಂದಿದ್ದಳು. ಗಂಡ ಆ ವರ್ಷವೇ ಬಿಟ್ಟುಹೋದ. ಜಡೆ ಸೊಂಟಕ್ಕಿಳಿಯಿತು.

ಆಮೇಲೆ ಸಿಕ್ಕಿದ್ದು ಬಂಗಾರಪೇಟೆ ಹತ್ತಿರದ ಮಸಾಲೆಪುಡಿ ಕಂಪನಿಯ ಕೆಲಸ. "ನಿನ್ ಜಡೇಗೂ ಒಂದು ಸೀಟ್ ಹಿಡಿಯೇ" ಎಂದು ವ್ಯಾನಿನಲ್ಲಿ ಹೆಂಗಸರು ಕಾಲೆಳೆಯುತ್ತಿದ್ದರು. ಜಡೆಯನ್ನು ಸುತ್ತಿ, ಬಟ್ಟೆ ಕಟ್ಟಿ, ಮೇಲೆ ಎರಡು ಟೋಪಿ ಎಳೆದು ಹೇಗೋ ನಿಭಾಯಿಸಿದ್ದಳು. ಈ ವಾರ ತಪಾಸಣೆಗೆ ಬಂದವರೆದುರೇ ಟೋಪಿ ಪಟ್ಟನೆ ಹರಿದು, ಜಡೆ ಜಾರಿ ಖಾರದಪುಡಿಯ ಟ್ರೇಗೆ ಬಿತ್ತು. ಇಡೀ ಟ್ರೇ ಚೆಲ್ಲಿಸಿದರು.

ಸೂಪರ್‌ವೈಸರ್ ಅಂಬರೀಶ್ ಕೆಟ್ಟವನಲ್ಲ. "ಅಕ್ಕಾ, ನಮ್ಮನೇಲೂ ಎಲ್ಲಮ್ಮನ್ನ ಮಾಡ್ತೀವಿ. ಆದ್ರೆ ಇದು ಜನ ತಿನ್ನೋ ಪುಡಿ. ಸೋಮವಾರ ಜಡೆ ತೆಗೆಸ್ಕೊಂಡು ಬನ್ನಿ, ಇಲ್ಲಾಂದ್ರೆ ಬರಬೇಡಿ."

"ಆಚೆ ಕಸ ಗುಡಿಸ್ತೀನಪ್ಪಾ. ಮೂಟೆ ಹೊರ್ತೀನಿ."

"ಎಲ್ಲಾ ಕೇಳ್ದೆ ಅಕ್ಕಾ. ಎಲ್ಲೂ ಜಾಗ ಇಲ್ಲ."

ಸಹನಳ ಮಾತ್ರೆ ಬರುತ್ತಿದ್ದುದು ಆ ಕೆಲಸದ ಇಎಸ್‌ಐ ಕಾರ್ಡಿನ ಮೇಲೆ. ಹಿಂದೊಮ್ಮೆ ನಾಲ್ಕು ದಿನ ಮಾತ್ರೆ ತಪ್ಪಿದ್ದಕ್ಕೆ ಹುಡುಗಿ ಶಾಲೆಯ ಮೆಟ್ಟಿಲ ಮೇಲೆ ಬಿದ್ದು ಹಲ್ಲು ಮುರಿದುಕೊಂಡಿದ್ದಳು. ಜಡೆ ತೆಗೆದರೆ ದೇವಿ ಬಿಡುವುದಿಲ್ಲ, ಇಟ್ಟುಕೊಂಡರೆ ಮಾತ್ರೆಯಿಲ್ಲ. ಎತ್ತ ತಿರುಗಿದರೂ ಏಟು ಮಗಳಿಗೇ.

ನೀರು ಒಳಗಿಟ್ಟವಳೇ ಇಂದ್ರಾಣಿ ಗುಡಿಗೆ ಹೋಗಿ ಅಪ್ಪಣೆ ಕೇಳಿ ಕೂತಳು. ದೇವಿಯ ಬಲಗಡೆಯ ಹೂವು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಮಧ್ಯಾಹ್ನ ಬಾಗಿಲು ಹಾಕುವವರೆಗೂ ಒಂದು ಎಸಳೂ ಅಲ್ಲಾಡಲಿಲ್ಲ. "ಸಿಟ್ಟಾಗವ್ಳೆ. ಮಾತೇ ಆಡ್ತಿಲ್ಲ" ಎಂದಳು ಮುನಿಶಾಮಮ್ಮ.

ಭಾನುವಾರ ಸಂಜೆ ಇಂದ್ರಾಣಿ ಶ್ಯಾಮಲಾಳ ಹೊಸ್ತಿಲಾಚೆ ನಿಂತಳು. ಪಕ್ಕದಲ್ಲಿ ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡ ಸಹನ, ಕೈಯಲ್ಲಿ ಮಾತ್ರೆಯ ಡಬ್ಬಿ.

"ಇವತ್ತು ತೆಗೆದುಬಿಡ್ತೀನಿ ಶ್ಯಾಮಲಾ."

"ಒಳ್ಳೇದು ಅಕ್ಕಾ. ಮಾತ್ರೆ ನಿಲ್ಲಬಾರ್ದು. ಕತ್ತರಿ ನಾನು ಹಿಡೀಲಾ?"

"ಬ್ಯಾಡ, ನೀನೂ ಮಕ್ಕಳೋಳು. ಆ ಪಾಪ ನನ್ ಕೈಗೇ ಇರ್ಲಿ." ಇಂದ್ರಾಣಿ ಸೆರಗು ಒಡ್ಡಿದಳು. "ಮಕ್ಕಳು ಉಳೀದಿರೋ ಮನೇಲಿ ಹಿಂದೆ ಮಾಡ್ತಿದ್ರಲ್ಲ, ಹಂಗೆ ಒಂದು ಮೊರ ರಾಗಿ ಕೊಟ್ಟು ಇವಳನ್ನ ಕೊಂಡ್ಕೊಳಮ್ಮ. ಇವಳು ನನ್ ಮಗಳು ಅಂತ ಜೋರಾಗಿ ಹೇಳು, ಗುಡೀಲಿರೋ ಎಲ್ಲಮ್ಮಂಗೂ ಕೇಳ್ಬೇಕು. ನಾನು ಕತ್ತರಿ ಹಾಕೋ ಹೊತ್ತಿಗೆ ನಂಗೆ ಮಕ್ಕಳೇ ಇರಬಾರ್ದು."