ನಾಡಿ ಹಿಡಿಯುವ ಕೈಕುಲುಕು
ಮೂರು ತಲೆಮಾರಿನ ಜ್ವರ ಕಂಡ ಡಾಕ್ಟರು ಒಂದು ಭಾನುವಾರವೂ ಚರ್ಚು ತಪ್ಪಿಸುವುದಿಲ್ಲ. ಹಾಗಂತ ಕ್ಲಿನಿಕ್ಕು ಅವರ ಬೆನ್ನು ಬಿಟ್ಟದ್ದೂ ಇಲ್ಲ. ಪಾದ್ರಿಗಳ ಪ್ರಸಂಗದ ನಡುವೆ ಯಾರಾದರೂ ಕೆಮ್ಮಿದರೆ ತಿರುಗಿಯೂ ನೋಡದೆ, "ಮೂರನೇ ಬೆಂಚು, ಒಣಕೆಮ್ಮು" ಎಂದು ಗೊಣಗುತ್ತಾರೆ. ಎಲ್ಲರೂ ಎದ್ದು ಅಕ್ಕಪಕ್ಕದವರ ಕೈಹಿಡಿದು "ಸಮಾಧಾನವಿರಲಿ" ಎಂದು ಹರಸುವ ಹೊತ್ತು ಬಂತೆಂದರೆ, ಇವರ ಬೆರಳುಗಳು ತಾವಾಗಿಯೇ ಮಣಿಕಟ್ಟಿಗೆ ಜಾರಿ ನಾಡಿ ಹುಡುಕುತ್ತವೆ, ಹರಸುವುದು ಮರೆತೇಹೋಗಿ, "ತೊಂಬತ್ತಾರು. ನಾಳೆ ಖಾಲಿ ಹೊಟ್ಟೇಲಿ ಬನ್ನಿ" ಎಂಬ ಅಪ್ಪಣೆ ಹೊರಬೀಳುತ್ತದೆ. ಒಮ್ಮೆ ಪಾದ್ರಿಗಳಿಗೇ, "ಉಪ್ಪು ಸ್ವಲ್ಪ ಕಮ್ಮಿ ಮಾಡಿ, ಪ್ರಸಂಗಾನೂ" ಅಂದಿದ್ದರು. ಡಾಕ್ಟರು ಬೇಡವೆಂದರೂ ಬೆಣ್ಣೆ ಬಿಡಲಾರದ ಟೈಲರು ಕಂಬದ ಹಿಂದೆ ಕೂತು, ಎರಡೂ ಕೈ ಜೇಬಿಗೆ ತುರುಕಿ, ದೂರದಿಂದಲೇ ತಲೆಯಾಡಿಸಿ ಪಾರಾಗುತ್ತಾನೆ. ಕೊನೆಗೆ ಡಾಕ್ಟರು ಪಕ್ಕದಲ್ಲಿರುವ ಹೆಂಡತಿಯ ಕಡೆ ತಿರುಗುತ್ತಾರೆ. ಆಕೆಗೆ ಹೃದಯದ ಕಾಯಿಲೆ ಶುರುವಾಗಿ ವರ್ಷವಾಯಿತು. ಅವಳ ಮಣಿಕಟ್ಟು ಹಿಡಿದವರು ಮುಂದಿನ ಹಾಡು ಮುಗಿಯುವವರೆಗೂ ಬಿಡುವುದಿಲ್ಲ. "ರೀ, ಎಷ್ಟಿದೆ ಹೇಳಿಬಿಡಿ" ಎನ್ನುತ್ತಾಳೆ ಆಕೆ. ಊರಿಗೆಲ್ಲ ಅಂಕಿ ಸಾರುವ ಡಾಕ್ಟರು ಆಗ ಮಾತ್ರ ಬೆರಳು ಸಡಿಲಿಸದೆ, ಮೆಲ್ಲಗೆ, "ಸಮಾಧಾನವಿರಲಿ" ಎನ್ನುತ್ತಾರೆ.